ಏಳು ಬ್ಯಾಟರಿ, ಒಂದು ಬೇಸಿಗೆ: ಕಲಬುರಗಿಯ ಕಿಟಕಿ ಮಿಸ್ತ್ರಿಯೊಬ್ಬರ ಪ್ರಕರಣ

ಮೇ ತಿಂಗಳ ಮಧ್ಯಾಹ್ನ. ಹೊರಗೆ 42 ಡಿಗ್ರಿ ಬಿಸಿಲು. ಅಲ್ಯುಮಿನಿಯಂ ಕಿಟಕಿ ಕೂರಿಸುವ ಮಿಸ್ತ್ರಿಯೊಬ್ಬರು ನನ್ನ ರಿಪೇರಿ ಅಂಗಡಿಗೆ ಬಂದರು. ಕೈಯಲ್ಲಿದ್ದ ಸಿಮೆಂಟ್ ಚೀಲ ಬಿಚ್ಚಿ ಟೇಬಲ್ ಮೇಲೆ ಸುರಿದರು. ವೈರ್ ಇಲ್ಲದೆ ಓಡುವ ಮಷೀನುಗಳ ಏಳು ಬ್ಯಾಟರಿ ಉರುಳಿ ಬಿದ್ದವು.

"ಅಣ್ಣಾರ, ಇವೆಲ್ಲಾ ಸತ್ತಾವ. ಮಷೀನ್ ಮಾತ್ರ ಛಲೋ ಅದಾವ. ಬ್ಯಾಟ್ರಿ ಯಾಕ ಹಿಂಗ ಸಾಯ್ತಾವ ಹೇಳ್ರಿ."

ಆರು ಒಂದೇ ಕಂಪನಿಯವು, ಎಲ್ಲವೂ 18 ವೋಲ್ಟ್. ನಾಲ್ಕರ ಮೇಲೆ 2.0 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ) ಅಂತ ಇತ್ತು, ಎರಡರ ಮೇಲೆ 4.0. ಏಳನೆಯದು ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿದ ಕಪ್ಪು ಡಬ್ಬಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ 9.0 ಅಂತ ಬರೆದಿತ್ತು. ಕಂಪನಿಯ ಬ್ಯಾಟರಿ ತಗೊಂಡು 14 ತಿಂಗಳಾಗಿತ್ತು ಅಷ್ಟೇ. ಅವರ ಹತ್ತಿರ ಇದ್ದ ಮಷೀನ್ ಮೂರು: ಗೋಡೆಗೆ ತೂತು ಹೊಡೆಯುವ ಹ್ಯಾಮರ್, ಸ್ಕ್ರೂ ಬಿಗಿಯುವ ಇಂಪ್ಯಾಕ್ಟ್ ಡ್ರೈವರ್, 4 ಇಂಚಿನ ಗ್ರೈಂಡರ್.

ವಾರಕ್ಕೆ ಇಬ್ಬರು ಮೂವರು ಇದೇ ದೂರು ಹಿಡಿದು ಬರುತ್ತಾರೆ. ಸಾಮಾನ್ಯವಾಗಿ ಒಂದೋ ಎರಡೋ ಬ್ಯಾಟರಿ ತರುತ್ತಾರೆ, ಕಾರಣ ಊಹಿಸಿ ಹೇಳಿ ಕಳಿಸಬೇಕಾಗುತ್ತೆ. ಇಲ್ಲಿ ಏಳೂ ಒಟ್ಟಿಗೆ ಸಿಕ್ಕವು. ಯಾವುದನ್ನು ಎಲ್ಲಿ, ಹೇಗೆ ಬಳಸಿದರು ಅಂತ ಹೇಳುವ ಮನುಷ್ಯನೂ ಎದುರಿಗಿದ್ದರು. ಇಷ್ಟು ಬ್ಯಾಟರಿಯ ಬೆಲೆ ಅಂದ್ರೆ ಅವರ ಹುಡುಗರ ಒಂದು ವಾರದ ಕೂಲಿಗಿಂತ ಜಾಸ್ತಿ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಡಬ್ಬಿಯೊಳಗೆ ಏನಿದೆ

ಮುಂದಿನದು ಅರ್ಥವಾಗಲು ಇಷ್ಟು ತಿಳಿದಿರಬೇಕು. 18 ವೋಲ್ಟ್ ಬ್ಯಾಟರಿಯೊಳಗೆ ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಉದ್ದ ಇರುವ ಲಿಥಿಯಂ ಸೆಲ್‌ಗಳಿರುತ್ತವೆ. ಹೆಚ್ಚಾಗಿ 18650 ಅಂತ ಕರೆಯುವ ಸೆಲ್, ಅಂದರೆ 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಒಂದು ಸೆಲ್ 3.6 ವೋಲ್ಟ್. ಐದನ್ನು ಸಾಲಾಗಿ ಜೋಡಿಸಿದರೆ 18. ಫುಲ್ ಚಾರ್ಜ್ ಆದಾಗ ಒಂದೊಂದು 4.2 ಮುಟ್ಟುತ್ತದೆ, ಐದು ಸೇರಿ 21. ಹಾಗಾಗಿ ಅಂಗಡಿಯಲ್ಲಿ ಕಾಣುವ 18, 20, 21 ವೋಲ್ಟ್ ಬಹುಪಾಲು ಒಂದೇ. ಎಲ್ಲದರಲ್ಲೂ ಐದೇ ಸೆಲ್ ಸಾಲು. ಅಗ್ಗದ ಡಬ್ಬಿಗಳ ಮೇಲೆ 48, 88, 128 ಅಂತೆಲ್ಲಾ ಬರೆದಿರುತ್ತಾರೆ. ಮೀಟರ್ ಇಟ್ಟು ನೋಡಿ, ಅದೇ 20ರ ಆಸುಪಾಸು ತೋರಿಸುತ್ತೆ.

2.0 ಬ್ಯಾಟರಿಯಲ್ಲಿ ಐದು ಸೆಲ್ಲಿನ ಒಂದೇ ಸಾಲು. 4.0ರಲ್ಲಿ ಹತ್ತು ಸೆಲ್, ಅಂದರೆ ಎರಡು ಸಾಲು ಪಕ್ಕಪಕ್ಕ. ಎಲ್ಲರೂ ಇದನ್ನು "ಎಷ್ಟು ಹೊತ್ತು ಓಡುತ್ತೆ" ಅನ್ನುವ ಲೆಕ್ಕದಲ್ಲಿ ಮಾತ್ರ ನೋಡುತ್ತಾರೆ. ಮಿಸ್ತ್ರಿಯೂ ಹಾಗೇ ನೋಡಿದ್ದರು. ತೊಂದರೆ ಶುರುವಾಗಿದ್ದೇ ಅಲ್ಲಿ.

ಟೇಬಲ್ ಮೇಲೆ ಕಂಡಿದ್ದು

ಏಳಕ್ಕೂ ಪೇಂಟ್ ಪೆನ್ನಿನಲ್ಲಿ ನಂಬರ್ ಹಾಕಿದೆ. 2.0 ಬ್ಯಾಟರಿಗಳಿಗೆ 1ರಿಂದ 4, 4.0 ಬ್ಯಾಟರಿಗಳಿಗೆ 5 ಮತ್ತು 6, ಕಪ್ಪು ಡಬ್ಬಿಗೆ 7. ಆಮೇಲೆ ಮೀಟರ್ ಇಟ್ಟೆ.

1 ಮತ್ತು 2 ಚಾರ್ಜರ್‌ಗೆ ಹಾಕಿದ ತಕ್ಷಣ ಕೆಂಪು ದೀಪ ಮಿಟುಕಿಸಿ ನಿಂತವು. 1ರಲ್ಲಿ ಇದ್ದಿದ್ದು ಬರೀ 10.9 ವೋಲ್ಟ್. ಬಿಚ್ಚಿ ಒಂದೊಂದೇ ಸೆಲ್ ನೋಡಿದೆ. ನಾಲ್ಕು ಸೆಲ್ 2.5 ವೋಲ್ಟ್, ಐದನೆಯದು 0.9. 2ರ ಕಥೆಯೂ ಇದೇ, ಇನ್ನೂ ಸ್ವಲ್ಪ ಕೆಳಗೆ.

3 ಮತ್ತು 4 ಫುಲ್ ಚಾರ್ಜ್ ಆದವು. ಚಾರ್ಜ್ ಎಷ್ಟಿದೆ ಅಂತ ತೋರಿಸುವ ಬ್ಯಾಟರಿಯ ನಾಲ್ಕು ದೀಪವೂ ಉರಿದವು. ಆದರೆ ಲೋಡ್ ಹಾಕಿ ಖಾಲಿ ಮಾಡಿ ಅಳೆದಾಗ ಒಂದು ಕೊಟ್ಟಿದ್ದು 1.1 ಎಎಚ್, ಇನ್ನೊಂದು 1.2. ಹತ್ತಿರ ಹತ್ತಿರ ಅರ್ಧ ಹೋಗಿತ್ತು. 5 ಮತ್ತು 6 ಪರವಾಗಿಲ್ಲ, 3.0 ಎಎಚ್ ಆಸುಪಾಸು ಕೊಟ್ಟವು. ಸತ್ತಾವ ಅಂತ ತಂದಿದ್ದ ಈ ಎರಡು ಸತ್ತಿರಲೇ ಇಲ್ಲ. ಟರ್ಮಿನಲ್, ಅಂದರೆ ಮಷೀನಿಗೆ ತಾಗುವ ಲೋಹದ ತುದಿಗಳ ಸಂದಿಯಲ್ಲಿ ಕಲ್ಲಿನ ಪುಡಿ ಗಟ್ಟಿಯಾಗಿ ಕೂತಿತ್ತು. ಒಣ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಮಷೀನ್ ಸರಿಯಾಗಿ ಓಡಿತು.

ಇಲ್ಲಿ ನನ್ನದೊಂದು ತಪ್ಪೂ ಆಯಿತು. ಚಾರ್ಜರ್ ಕೆಟ್ಟಿರಬೇಕು ಅಂತ ಮೊದಲು ಹೇಳಿಬಿಟ್ಟೆ. ಅವರು ಹೊಸ ಚಾರ್ಜರ್ ತಂದರು. ಅದರಲ್ಲೂ 1 ಮತ್ತು 2 ಹಾಗೇ ಮಿಟುಕಿಸಿದವು. ಸೆಲ್ ವೋಲ್ಟೇಜ್ ಇಷ್ಟು ಕೆಳಗೆ ಹೋದರೆ ಚಾರ್ಜರ್ ಬೇಡ ಅನ್ನುವುದೇ ಸರಿ. ಅದು ತನ್ನ ಕೆಲಸ ಮಾಡುತ್ತಿತ್ತು. ಅವರ ದುಡ್ಡು ಸುಮ್ನೆ ಖರ್ಚಾಯಿತು. ಅದಾದ ಮೇಲೆ ಟೇಬಲ್ ಬಿಟ್ಟು ಕೆಲಸದ ಜಾಗಕ್ಕೇ ಹೋಗಿ ನೋಡೋಣ ಅನ್ನಿಸಿತು.

ಸೇಡಂ ರಸ್ತೆಯ ಕಟ್ಟಡದಲ್ಲಿ ಒಂದು ದಿನ

ಎರಡನೇ ಮಹಡಿ. ಗೋಡೆ ಎದ್ದಿದೆ, ಕಿಟಕಿ ಇನ್ನೂ ಕೂತಿಲ್ಲ. ಮಧ್ಯಾಹ್ನದ ಬಿಸಿಲು ನೇರ ಒಳಗೆ. ಚಾರ್ಜರ್ ಇಟ್ಟಿದ್ದು ಕಿಟಕಿ ಕಟ್ಟೆ ಮೇಲೆ, ಬಿಸಿಲಿಗೇ. ವೈರ್ ಅಲ್ಲಿಗೇ ಮುಟ್ಟುತ್ತಿತ್ತು, ಅಷ್ಟೇ ಕಾರಣ.

ಒಬ್ಬ ಹುಡುಗ ಗ್ರೈಂಡರ್‌ಗೆ 3ನೇ ನಂಬರ್ ಹಾಕಿ ಕಬ್ಬಿಣದ ಪಟ್ಟಿ ಕತ್ತರಿಸುತ್ತಿದ್ದ. ಹಗುರ ಇದೆ ಅಂತ ಅದನ್ನೇ ಆರಿಸಿಕೊಂಡಿದ್ದ. ಕೆಲವೇ ನಿಮಿಷ, ಮಷೀನ್ ನಿಂತಿತು. ಅವನು ಟ್ರಿಗರ್ ಬಿಟ್ಟು ಮತ್ತೆ ಒತ್ತಿದ. ಒಂದು ಕ್ಷಣ ತಿರುಗಿ ನಿಂತಿತು. ಮತ್ತೆ ಒತ್ತಿದ. ಹೀಗೆ ಆರು ಏಳು ಸಲ. ಆಮೇಲೆ ಬ್ಯಾಟರಿ ತೆಗೆದು ನೇರ ಚಾರ್ಜರ್‌ಗೆ ಹಾಕಿದ. ಥರ್ಮಾಮೀಟರ್ ಗನ್ ಹಿಡಿದೆ. ಮೇಲಿನ ಪ್ಲಾಸ್ಟಿಕ್ಕೇ 54 ಡಿಗ್ರಿ. ಒಳಗಿನ ಸೆಲ್ ಇನ್ನೂ ಜಾಸ್ತಿ ಇರುತ್ತೆ.

ಚಾರ್ಜರ್ ದೀಪ ಮಿಟುಕಿಸತೊಡಗಿತು. ಬಿಸಿ ಇಳಿಯಲಿ ಅಂತ ಅದು ಕಾಯುತ್ತಿತ್ತು. ಹುಡುಗನಿಗೆ ಅದು ತೊಂದರೆಯ ದೀಪದ ಹಾಗೆ ಕಂಡಿತು. ಒಂದು ಒದ್ದೆ ಬಟ್ಟೆ ತಂದು ಬ್ಯಾಟರಿ ಮೇಲೆ ಹೊದಿಸಿದ. ನೀರು ಟರ್ಮಿನಲ್ ಕಡೆಗೇ ಇಳಿಯುತ್ತಿತ್ತು. ನಾನು ಹೋಗಿ ಬಟ್ಟೆ ತೆಗೆಸಿದೆ.

ಈ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಹಳಷ್ಟು ಚಾರ್ಜರ್‌ಗಳ ಪುಸ್ತಕದಲ್ಲಿ 40 ಡಿಗ್ರಿಯೊಳಗಿನ ಜಾಗದಲ್ಲಿ ಚಾರ್ಜ್ ಮಾಡಿ ಅಂತ ಇರುತ್ತೆ. ನಮ್ಮೂರಿನ ಬೇಸಿಗೆಯಲ್ಲಿ ನೆರಳಿನ ಗಾಳಿಯೇ 40 ದಾಟುತ್ತೆ. ಬಿಸಿಲಿನ ಕಟ್ಟೆ ಮೇಲೆ ಬ್ಯಾಟರಿ ತಣ್ಣಗಾಗುವುದೇ ಇಲ್ಲ. ಚಾರ್ಜರ್ ಒಪ್ಪುವ ಕೊನೇ ಮಿತಿಗೆ ಇಳಿದ ತಕ್ಷಣ ಕರೆಂಟ್ ಶುರು. ಅಂದರೆ ಈ ಬ್ಯಾಟರಿಗಳ ಪ್ರತಿಯೊಂದು ಚಾರ್ಜೂ ಅವು ತಾಳಬಹುದಾದ ತುತ್ತತುದಿಯ ಬಿಸಿಯಲ್ಲೇ ನಡೆದಿದೆ. ದಿನಕ್ಕೆ ಎರಡು ಮೂರು ಸಲ, ಇಡೀ ಬೇಸಿಗೆ.

ಸಂಜೆ ಕೆಲಸ ಮುಗಿಸಿ ಎಲ್ಲವನ್ನೂ ಫುಲ್ ಮಾಡಿ ತಗಡಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಪೆಟ್ಟಿಗೆ ಇರುವುದು ಗಾಡಿಯ ಹಿಂದೆ. ಕೆಲಸ ಇಲ್ಲದ ದಿನವೂ ಅಲ್ಲೇ. ಮರುದಿನ ಮಧ್ಯಾಹ್ನ ಬಿಸಿಲಿಗೆ ನಿಂತ ಗಾಡಿಯ ಆ ಪೆಟ್ಟಿಗೆಯೊಳಗೆ ಗನ್ ಹಿಡಿದೆ: 52 ಡಿಗ್ರಿ. ಲಿಥಿಯಂ ಸೆಲ್ ಬಳಸದೆ ಇಟ್ಟರೂ ಒಳಗೊಳಗೇ ಮುಪ್ಪಾಗುತ್ತೆ. ಬಿಸಿ ಹೆಚ್ಚಿದಷ್ಟೂ ಬೇಗ, ಚಾರ್ಜ್ ತುಂಬಿದ್ದಷ್ಟೂ ಬೇಗ. 10 ಡಿಗ್ರಿ ಏರಿದರೆ ಸವೆತದ ವೇಗ ಸುಮಾರು ಎರಡು ಪಟ್ಟು ಅನ್ನುವುದು ಈ ಕೆಲಸದವರ ಅಂದಾಜಿನ ಲೆಕ್ಕ. ತುಂಬಿದ ಬ್ಯಾಟರಿ, ಕಾದ ಪೆಟ್ಟಿಗೆ: ಎರಡೂ ಒಟ್ಟಿಗೆ ಸೇರಿದ್ದವು.

ಗ್ರೈಂಡರ್‌ಗೆ ಚಿಕ್ಕ ಬ್ಯಾಟರಿ

ಚಹಾ ಕುಡಿಯುವಾಗ ಮಿಸ್ತ್ರಿಗೆ ಒಂದು ಲೆಕ್ಕ ತೋರಿಸಿದೆ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಗ್ರೈಂಡರ್ ಜೋರಾಗಿ ಕತ್ತರಿಸುವಾಗ 20 ಆಂಪ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. 2.0 ಬ್ಯಾಟರಿಯಲ್ಲಿ ಒಂದೇ ಸಾಲು, ಹಾಗಾಗಿ ಒಂದೊಂದು ಸೆಲ್ಲೂ ಪೂರ್ತಿ 20 ಆಂಪ್ ಹೊರಬೇಕು. 4.0ರಲ್ಲಿ ಎರಡು ಸಾಲು ಹಂಚಿಕೊಳ್ಳುತ್ತವೆ, ಒಂದೊಂದು ಸೆಲ್ಲಿಗೆ 10. ಸೆಲ್ಲಿನೊಳಗೆ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ. ಕರೆಂಟ್ ಅರ್ಧ ಆದರೆ ಬಿಸಿ ಕಾಲು ಭಾಗ. ಅಂದರೆ ಅದೇ ಗ್ರೈಂಡರ್, ಅದೇ ಪಟ್ಟಿ, ಅದೇ ಹುಡುಗ, 4.0 ಹಾಕಿದರೆ ಒಂದೊಂದು ಸೆಲ್ಲಿನ ಮೇಲಿನ ಬಿಸಿ ನಾಲ್ಕರಲ್ಲಿ ಒಂದು ಪಾಲು.

"ಅಂದ್ರ ದೊಡ್ಡ ಬ್ಯಾಟ್ರಿ ಜಾಸ್ತಿ ಹೊತ್ತು ಓಡೋದಷ್ಟೇ ಅಲ್ಲ, ತಣ್ಣಗ ಓಡ್ತದ ಅಂದಂಗಾಯ್ತು," ಅಂದರು.

ಅಷ್ಟೇ ವಿಷಯ. 5 ಮತ್ತು 6 ಯಾಕೆ ಉಳಿದವು, 3 ಮತ್ತು 4 ಯಾಕೆ ಅರ್ಧಕ್ಕಿಳಿದವು ಅಂತ ಅವರಿಗೇ ಹೊಳೆಯಿತು. ಭಾರ ಅಂತ 4.0 ಬ್ಯಾಟರಿಗಳನ್ನು ಹುಡುಗರು ಇಂಪ್ಯಾಕ್ಟ್ ಡ್ರೈವರ್‌ಗೆ ಮಾತ್ರ ಹಾಕುತ್ತಿದ್ದರು. ಸ್ಕ್ರೂ ಬಿಗಿಯುವ ಕೆಲಸ ಅರೆಕ್ಷಣದ್ದು, ನಡುವೆ ಬಿಡುವು ಸಿಗುತ್ತೆ. ಇರಬೇಕಾದ್ದಕ್ಕೆ ಪೂರ್ತಿ ತಿರುವುಮುರುವು.

1 ಮತ್ತು 2: ಖಾಲಿ ಇಟ್ಟು ಸತ್ತವು

ಇವೆರಡರ ಕಾರಣ ಬೇರೆ. ಮಿಸ್ತ್ರಿ ಕೆಲಸ ಕಲಿತಿದ್ದು ಹಳೇ 14.4 ವೋಲ್ಟಿನ ಡ್ರಿಲ್ಲಿನಲ್ಲಿ. "ಪೂರಾ ಖಾಲಿ ಆಗೋತನ ಓಡಿಸೇ ಚಾರ್ಜಿಗ ಹಾಕಬೇಕಂತ ನಮ್ಮ ಉಸ್ತಾದ್ ಹೇಳಿದ್ರಿ," ಅಂದರು. ಉಸ್ತಾದರು ಸುಳ್ಳು ಹೇಳಿಲ್ಲ. ಆ ಡ್ರಿಲ್ಲಿನಲ್ಲಿದ್ದಿದ್ದು ನಿಕ್ಕಲ್ ಕ್ಯಾಡ್ಮಿಯಂ ಸೆಲ್. ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಹೋದರೆ ಅದರ ಬಲ ಕುಗ್ಗುತ್ತೆ ಅನ್ನುವ ಮಾತು ಆ ಸೆಲ್ಲಿಗೆ ಹೇಳಿದ್ದು. ಲಿಥಿಯಂಗೆ ಅದು ಬೇಡವೇ ಬೇಡ. ಅರ್ಧ ಇದ್ದಾಗ ಚಾರ್ಜ್‌ಗೆ ಹಾಕಿದರೆ ಅದಕ್ಕೆ ಒಳ್ಳೆಯದೇ.

ಹಾಗಾಗಿ 1 ಮತ್ತು 2 ಪೂರ್ತಿ ಬಳಲಿದ ಮೇಲೆ, ಟ್ರಿಗರ್ ಒತ್ತಿ ಒತ್ತಿ ಕೊನೇ ಹನಿಯನ್ನೂ ಹಿಂಡಿದ ಮೇಲೆ, ಕಪಾಟು ಸೇರಿದವು. ನಡುವೆ ಕೆಲಸ ಕಡಿಮೆಯಾಗಿ ಮೂರು ತಿಂಗಳು ಯಾರೂ ಮುಟ್ಟಲಿಲ್ಲ. ಮಷೀನ್ ನಿಂತ ಮೇಲೆ ಬ್ಯಾಟರಿ ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡ ಹಾಗೆ ಕಾಣುತ್ತೆ, ವೋಲ್ಟೇಜ್ ತುಸು ಮೇಲೇಳುತ್ತೆ. ಅದನ್ನು ನಂಬಿ ಮತ್ತೆ ಒತ್ತಿದಾಗೆಲ್ಲ ಐದರಲ್ಲಿ ಬಲಹೀನ ಸೆಲ್ ಯಾವುದೋ ಅದು ಉಳಿದವಕ್ಕಿಂತ ಆಳಕ್ಕೆ ಇಳಿಯುತ್ತೆ. ಅದಲ್ಲದೆ ಒಳಗಿನ ಸರ್ಕ್ಯೂಟ್ ಬೋರ್ಡ್ ಚೂರು ಚೂರೇ ಕರೆಂಟ್ ಕುಡಿಯುತ್ತಿರುತ್ತೆ. ಮೂರು ತಿಂಗಳಲ್ಲಿ 0.9 ವೋಲ್ಟ್ ಆಗಿದ್ದು ಹೀಗೆ.

"ಇನ್ನೊಂದು ಬ್ಯಾಟ್ರಿಯಿಂದ ವೈರ್ ಹಚ್ಚಿ ಎಬ್ಬಿಸ್ರಲ್ಲ, ಬ್ಯಾರೆ ಅಂಗಡ್ಯಾಗ ಮಾಡ್ತಾರ," ಅಂತ ಕೇಳಿದರು. ಮಾಡುತ್ತಾರೆ, ನನಗೂ ಗೊತ್ತು. ನಾನು ಮಾಡುವುದಿಲ್ಲ. ಸೆಲ್ ಅಷ್ಟು ಕೆಳಗಿಳಿದು ಕೂತರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಹೋಗಿ ಅಂಟಿಕೊಳ್ಳುತ್ತೆ, ಸೆಲ್ಲಿನೊಳಗೇ ಶಾರ್ಟ್ ಆಗುವ ದಾರಿ ತೆರೆಯುತ್ತೆ. ಅವತ್ತು ಎದ್ದು ಕೂತಂತೆ ಕಂಡ ಬ್ಯಾಟರಿ ಇನ್ಯಾವತ್ತೋ ರಾತ್ರಿ ಚಾರ್ಜ್‌ನಲ್ಲಿದ್ದಾಗ ಬೆಂಕಿಯಾಗಬಹುದು. ಅವರ ಹುಡುಗರು ಸೈಟಿನಲ್ಲೇ ಮಲಗುತ್ತಾರೆ, ಚಾರ್ಜರ್ ಪಕ್ಕದಲ್ಲೇ. ಅದನ್ನು ನೆನೆದರೆ ಕೈ ಬರುವುದಿಲ್ಲ.

ಬ್ಯಾಟರಿ ಬಿಚ್ಚುವ ಬಗ್ಗೆಯೂ ಒಂದು ಮಾತು. ನಾನು ಬಿಚ್ಚಿದೆ ಅಂತ ಬರೆದಿದ್ದೇನೆ. ಮನೆಯಲ್ಲಿ ಯಾರೂ ದಯವಿಟ್ಟು ಬಿಚ್ಚಬೇಡಿ. ಸ್ಕ್ರೂಡ್ರೈವರ್ ತುದಿ ಸೆಲ್ ಜೋಡಿಸಿರುವ ಎರಡು ಲೋಹದ ಪಟ್ಟಿಗೆ ಒಟ್ಟಿಗೆ ತಾಗಿದರೆ ಸಾಕು, ವೆಲ್ಡಿಂಗ್ ಥರ ಕಿಡಿ ಹಾರುತ್ತೆ.

7ನೇ ನಂಬರ್

ಇದನ್ನು ಹೆಚ್ಚು ಬೆಳೆಸುವುದಿಲ್ಲ, ಲೇಬಲ್ಲಿನಲ್ಲೇ ಉತ್ತರ ಇತ್ತು. ಡಬ್ಬಿ ನೋಡಿದರೆ ಒಳಗೆ ಹಿಡಿಸುವುದು ಹತ್ತು 18650 ಸೆಲ್. ಎರಡು ಸಾಲಿಗೆ 9.0 ಬರಬೇಕಾದರೆ ಒಂದೊಂದು ಸೆಲ್ಲೂ 4.5 ಎಎಚ್ ಇರಬೇಕು. ಆ ಅಳತೆಯಲ್ಲಿ ಒಳ್ಳೆಯ ಕಂಪನಿಯ ಸೆಲ್ ಕೂಡ 3.5ರ ಆಸುಪಾಸಿಗೆ ನಿಲ್ಲುತ್ತೆ. ಗ್ರೈಂಡರ್‌ಗೆ ಬೇಕಾದಷ್ಟು ಕರೆಂಟ್ ಕೊಡಬಲ್ಲ ಸೆಲ್ ಇನ್ನೂ ಕಡಿಮೆಯೇ. ಇಡೀ ಡಬ್ಬಿ ಅಳೆದಾಗ ಸಿಕ್ಕಿದ್ದು 3.4. ತಕ್ಕಡಿಯಲ್ಲಿ ಇಟ್ಟರೆ ಕಂಪನಿಯ 4.0ಕ್ಕಿಂತ ಚೂರು ಹಗುರ. ಒಳಗಿನ ಬೋರ್ಡ್ ಒಂದೊಂದು ಸೆಲ್ಲನ್ನು ಬೇರೆ ಬೇರೆಯಾಗಿ ನೋಡುತ್ತಲೇ ಇರಲಿಲ್ಲ, ಒಟ್ಟು ವೋಲ್ಟೇಜ್ ಮಾತ್ರ. ಬಿಸಿ ಅಳೆಯುವ ಸೆನ್ಸರ್ ಜಾಗದಲ್ಲಿ ಒಂದು ಸಾದಾ ರೆಸಿಸ್ಟರ್ ಕೂರಿಸಿದ್ದರು. ಬ್ಯಾಟರಿ ಎಷ್ಟೇ ಕಾದರೂ "ತಣ್ಣಗಿದ್ದೇನೆ" ಅಂತ ಚಾರ್ಜರ್‌ಗೆ ಸುಳ್ಳು ಹೇಳುವ ಏರ್ಪಾಡು ಅದು. ಅದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು.

ನಮ್ಮಲ್ಲಿ ಇಂಥ ಲಿಥಿಯಂ ಬ್ಯಾಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಐಎಸ್ 16046 ಅನ್ನುವ ನಂಬರ್, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಲೇಬಲ್ ಮೇಲಿರಬೇಕು. 7ರ ಮೇಲೆ ಎರಡೂ ಇರಲಿಲ್ಲ.

ಏನೇನು ಬದಲಾಯಿತು

ಮೊದಲು ಖರೀದಿ. ಮಿಸ್ತ್ರಿ ಮತ್ತೆ ನಾಲ್ಕು 2.0 ತಗೊಳ್ಳುವ ಲೆಕ್ಕದಲ್ಲಿದ್ದರು. ಬದಲಿಗೆ ಎರಡು 4.0 ತಗೊಳ್ಳಿ ಅಂದೆ. ಬೇರೆ ಕಂಪನಿಯ ಆಫರ್ ಒಂದನ್ನೂ ತೋರಿಸಿದರು, ಅಗ್ಗವೇ ಇತ್ತು. ಆದರೆ ಸಾಮಾನ್ಯವಾಗಿ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷೀನಿಗೆ ಕೂರುವುದಿಲ್ಲ. ಮೂರು ಒಳ್ಳೆಯ ಮಷೀನ್ ಕೈಯಲ್ಲಿರುವಾಗ ಹೊಸ ಕಂಪನಿಗೆ ಹೋದರೆ ಎರಡು ಥರದ ಚಾರ್ಜರ್, ಎರಡು ಥರದ ಬ್ಯಾಟರಿ ಹೊತ್ತು ತಿರುಗಬೇಕು. ಹೊಸದಾಗಿ ಶುರು ಮಾಡುವವರಿಗೂ ನಾನು ಹೇಳುವುದು ಇದೇ: ಮಷೀನ್ ನೋಡುವ ಮೊದಲು ಆ ಕಂಪನಿಯ ಬ್ಯಾಟರಿ ನೋಡಿ. ಅದೇ ಬ್ಯಾಟರಿಗೆ ನಿಮ್ಮ ಕೆಲಸದ ಎಷ್ಟು ಮಷೀನ್ ಸಿಗುತ್ತವೆ, ಊರಲ್ಲಿ ಸರ್ವಿಸ್ ಇದೆಯಾ ಅಂತ ಕೇಳಿ. ಡಬ್ಬಿ ಮೇಲಿನ ತಯಾರಿಕೆಯ ತಿಂಗಳೂ ನೋಡಿ. ಗೋಡೌನಿನಲ್ಲಿ ಎರಡು ಬೇಸಿಗೆ ಕಳೆದ ಬ್ಯಾಟರಿ ಹೊಸದಲ್ಲ ಅಲ್ವಾ?

4.0 ಎಲ್ಲವೂ ಗ್ರೈಂಡರ್ ಮತ್ತು ಹ್ಯಾಮರ್‌ಗೆ. ಉಳಿದ 3 ಮತ್ತು 4 ಇಂಪ್ಯಾಕ್ಟ್ ಡ್ರೈವರ್‌ಗೆ ಮಾತ್ರ. ಏಣಿ ಮೇಲೆ ನಿಂತು ಸ್ಕ್ರೂ ಹಾಕುವಾಗ ಹಗುರ ಬ್ಯಾಟರಿ ಕೈಗೂ ಹಿತ. ಒಂದು ದೀಪಕ್ಕೆ ಇಳಿದರೆ ತೆಗೆಯಬೇಕು. ಮಷೀನ್ ನಿಂತ ಮೇಲೆ ಮತ್ತೆ ಟ್ರಿಗರ್ ಒತ್ತುವಂತಿಲ್ಲ. ಹುಡುಗರಿಗೆ ಇದು ರೂಢಿಯಾಗಲು ಒಂದು ತಿಂಗಳು ಬೇಕಾಯಿತು.

ಚಾರ್ಜರ್‌ಗೆ ಉದ್ದನೆ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ತಂದರು, ಒಳಗಿನ ಕೋಣೆಗೆ ಮುಟ್ಟುವಷ್ಟು. ಇಡೀ ಬದಲಾವಣೆಯಲ್ಲಿ ತೀರಾ ಅಗ್ಗದ್ದು ಇದು, ಹೆಚ್ಚು ಉಪಯೋಗಕ್ಕೆ ಬಂದಿದ್ದೂ ಇದೇ. ಬಿಸಿ ಬ್ಯಾಟರಿ ಮೊದಲು ನೆಲದ ಮೇಲೆ ಅರ್ಧ ಗಂಟೆ. ನಮ್ಮ ಕಡೆ ಮನೆಗಳಿಗೆ ಶಹಾಬಾದ್ ಕಲ್ಲು ಹಾಸುತ್ತಾರೆ. ನೆರಳಲ್ಲಿರುವ ಆ ಕಲ್ಲು ಕಡು ಬೇಸಿಗೆಯಲ್ಲೂ ಕಾಲಿಗೆ ತಂಪು. ಬ್ಯಾಟರಿಯ ಬಿಸಿಯನ್ನು ಅದು ಎಳೆದುಕೊಳ್ಳುತ್ತೆ. ಒದ್ದೆ ಬಟ್ಟೆ ಬೇಡ, ಫ್ರಿಜ್ಜೂ ಬೇಡ. ಕೈಯಲ್ಲಿ ಹಿಡಿದರೆ ಬಿಸಿ ಅನ್ನಿಸಬಾರದು, ಆಮೇಲೆ ಚಾರ್ಜರ್.

ರಾತ್ರಿ ಬ್ಯಾಟರಿಗಳು ಗಾಡಿಯಲ್ಲಿ ಇರುವುದಿಲ್ಲ, ಮಿಸ್ತ್ರಿ ಮನೆಗೆ ಒಯ್ಯುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಫುಲ್ ಬೇಕೇ ಬೇಕು, ಅದನ್ನು ಬಿಡಿ ಅನ್ನಲಾಗದು. ಒಂದು ರಾತ್ರಿ ಮನೆಯ ನೆರಳಲ್ಲಿ ಫುಲ್ ಇದ್ದರೆ ಹೇಳಿಕೊಳ್ಳುವ ನಷ್ಟವಿಲ್ಲ. ವಾರಗಟ್ಟಲೆ ಕೆಲಸ ಇಲ್ಲ ಅಂತ ಗೊತ್ತಾದಾಗ ಮಾತ್ರ ನಾಲ್ಕರಲ್ಲಿ ಎರಡು ದೀಪಕ್ಕೆ ತಂದು ಇಡಬೇಕು, ತಿಂಗಳಿಗೊಮ್ಮೆ ದೀಪ ಒತ್ತಿ ನೋಡಬೇಕು.

1, 2 ಮತ್ತು 7 ಗುಜರಿಗೆ ಹೋಗಲಿಲ್ಲ. ಗುಜರಿಯಲ್ಲಿ ಸುತ್ತಿಗೆ ಬಿದ್ದರೆ ಅಲ್ಲಿರುವವರ ಗತಿ ಏನು? ಟರ್ಮಿನಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಮಷೀನ್ ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಟ್ಟೆವು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಸರಿಯಾದ ಕಡೆ ಸೇರಿಸುವ ಹೊಣೆ ತಯಾರಿಸುವವರದು, ಆಮದು ಮಾಡುವವರದು. 7ನ್ನು ಮಾಡಿದವರು ಯಾರಂತ ಗೊತ್ತಿಲ್ಲದ ಕಾರಣ ಅದನ್ನೂ ಅವರೇ ತಗೊಳ್ಳಲಿ ಅಂತ ಕೇಳಿಕೊಂಡೆ. ತಗೊಂಡರು.

ಒಂದು ವರ್ಷದ ಮೇಲೆ

ಮುಂದಿನ ಬೇಸಿಗೆ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ತರಿಸಿ ಅಳೆದೆ. ಹೊಸ ಎರಡು 4.0 ಬ್ಯಾಟರಿಗಳು 3.6 ಮತ್ತು 3.7 ಕೊಟ್ಟವು. ಹಳೇ 5 ಮತ್ತು 6 ಸ್ವಲ್ಪವೇ ಇಳಿದಿದ್ದವು. 4 ಕೈಬಿಟ್ಟಿತು, ಅದು ಮೊದಲೇ ಬಹಳ ಬಳಲಿತ್ತು. 3 ಇನ್ನೂ ಸ್ಕ್ರೂ ಹಾಕುತ್ತಿದೆ.

ಇದಕ್ಕೆಲ್ಲ ನಮ್ಮ ಬದಲಾವಣೆಯೊಂದೇ ಕಾರಣ ಅಂತ ನಾನು ಹೇಳಲಾರೆ. ಆ ಬೇಸಿಗೆ ಅವರು ಮಧ್ಯಾಹ್ನ ಕೆಲಸ ನಿಲ್ಲಿಸಿ ಮುಂಜಾನೆ ಬೇಗ ಶುರು ಮಾಡುತ್ತಿದ್ದರು, ಅದು ಮನುಷ್ಯರಿಗೂ ಬ್ಯಾಟರಿಗೂ ಒಳ್ಳೆಯದಾಗಿರಬೇಕು. ಕಬ್ಬಿಣ ಕತ್ತರಿಸುವ ಕೆಲಸವೂ ಕಡಿಮೆ ಇತ್ತು. ಆದರೂ ಹಿಂದಿನ 14 ತಿಂಗಳಿಗೂ ಈ 12 ತಿಂಗಳಿಗೂ ಇರುವ ಅಂತರ ದೊಡ್ಡದೇ.

ಈಗ ಅವರ ಗಾಡಿಯಲ್ಲಿ ಒಂದೂವರೆ ಅಡಿಯ ಶಹಾಬಾದ್ ಕಲ್ಲಿನ ತುಂಡು ಇರುತ್ತೆ. ಯಾವ ಸೈಟಿಗೆ ಹೋದರೂ ಮೊದಲು ಅದನ್ನು ಇಳಿಸಿ ಒಳಕೋಣೆಯ ಮೂಲೆಯಲ್ಲಿ ಹಾಕುತ್ತಾರೆ. ಹುಡುಗರು ಅದಕ್ಕೆ "ಬ್ಯಾಟ್ರಿ ಕಟ್ಟಿ" ಅಂತ ಹೆಸರಿಟ್ಟಿದ್ದಾರೆ. ಹೋದ ವಾರ ಹೋದಾಗ ಅದರ ಮೇಲೆ 5 ಮತ್ತು 6 ಪಕ್ಕಪಕ್ಕ ಮಲಗಿದ್ದವು, ನಡುವೆ ಒಂದು ಬೆರಳು ಜಾಗ ಬಿಟ್ಟು.